ಕನ್ನಡಿ ಬೇಕಾದ ಹುಣ್ಣು
(ಸಕ್ಕರೆ ಕಾಯಿಲೆ ಮತ್ತು ಕಣ್ಣು ಕುರಿತ ದತ್ತಿ ಉಪನ್ಯಾಸದ ಮುದ್ರಿತ ರೂಪ)



ತಂದೆಯ ನೆನಪಿಗೆ ಮಕ್ಕಳು ಇಟ್ಟ ದತ್ತಿ ಇದು. ಆ ತಂದೆ ಊರಿಗೆಲ್ಲ ಅಕ್ಷರ ಕಲಿಸಿದ ಮೇಷ್ಟ್ರು. ಕೊನೆಯ ವರ್ಷಗಳಲ್ಲಿ ದಿನಪತ್ರಿಕೆಯನ್ನು ಮೊಮ್ಮಗಳ ಕೈಲಿ ಓದಿಸಿಕೊಂಡು ಕೇಳುತ್ತಿದ್ದರಂತೆ. ಅವರ ಕಣ್ಣು ತೆಗೆದದ್ದು ಸಕ್ಕರೆ ಕಾಯಿಲೆ. ಆದ್ದರಿಂದ ಈ ವರ್ಷದ ವಿಷಯವನ್ನು ಮನೆಯವರೇ ಆರಿಸಿ ನನಗೆ ಕೊಟ್ಟಿದ್ದಾರೆ. ಕಣ್ಣಿನ ಡಾಕ್ಟರಾಗಿ ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ಆಸ್ಪತ್ರೆಗಳಲ್ಲಿ ಕೂತೆದ್ದವನು ನಾನು. ಭಾಷಣ ನನ್ನ ಕಸುಬಲ್ಲ. ಹೊರರೋಗಿ ವಿಭಾಗದಲ್ಲಿ ಬೆಂಚಿನ ಮೇಲೆ ಕೂತವರಿಗೆ ಹೇಳುವ ಹಾಗೆಯೇ ಇಲ್ಲಿಯೂ ಹೇಳುತ್ತೇನೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಗಾದೆ ನಿಮಗೆಲ್ಲ ಗೊತ್ತು. ಅಂಗೈಯ ಹುಣ್ಣು ಕಾಣುತ್ತದೆ, ನೋಯುತ್ತದೆ. ಅದಕ್ಕೆ ಕನ್ನಡಿ ಬೇಡ, ನಿಜ. ಆದರೆ ನಾನಿವತ್ತು ಹೇಳಹೊರಟಿರುವ ಹುಣ್ಣು ಲೋಕವನ್ನೆಲ್ಲ ನೋಡುವ ಕಣ್ಣಿನೊಳಗೇ ಇದ್ದು, ಆ ಕಣ್ಣಿಗೇ ಕಾಣುವುದಿಲ್ಲ. ಅದು ನೋಯುವುದೂ ಇಲ್ಲ. ಅದಕ್ಕೆ ಕನ್ನಡಿ ಬೇಕೇ ಬೇಕು. ನನ್ನ ಮಾತಿನ ಸಾರ ಇಷ್ಟೇ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಸುತ್ತೇನೆ. 1987ರ ಮಾತು. ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ, ಸುಗ್ಗಿಯಲ್ಲಿ ಶೇಂಗಾ ವ್ಯಾಪಾರವನ್ನೂ ಮಾಡುತ್ತಿದ್ದ ಒಬ್ಬರು ನಗುನಗುತ್ತಾ ಒಳಗೆ ಬಂದರು. ಐವತ್ತು ದಾಟಿದ್ದ ಆಳು. ಊರವರು ಅವರನ್ನು ಶೆಟ್ಟರು ಎಂದೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತೇನೆ. ಜೇಬಿನಿಂದ ಚಾಳೀಸು ಕನ್ನಡಕ ತೆಗೆದು ನನ್ನ ಮೇಜಿನ ಮೇಲಿಟ್ಟು, "ಡಾಕ್ಟ್ರೇ, ಇದನ್ನ ಯಾರಾದ್ರೂ ಬಡವರಿಗೆ ಕೊಟ್ಬಿಡಿ. ನಂಗೆ ಚಾಳೀಸು ಬಿಟ್ಟೋಯ್ತು. ಉದ್ರಿ ಪುಸ್ತಕ ಬರಿಗಣ್ಣಲ್ಲೇ ಓದ್ತೀನಿ" ಅಂದರು.

ನಾನು ಸಣ್ಣಕ್ಷರದ ಹಾಳೆ ಕೊಟ್ಟೆ. ಕೊನೆಯ ಸಾಲಿನವರೆಗೂ ಗಡಗಡ ಓದಿದರು. "ಪುಣ್ಯವಂತರು ಶೆಟ್ಟರೇ" ಎಂದು ಕಳಿಸಿಕೊಟ್ಟೆ. ಹೊರಗೆ ಐವತ್ತು ಜನರ ಸಾಲಿತ್ತು. ಪಾಪೆ ಹಿಗ್ಗಿಸುವ ಹನಿ ಹಾಕಲಿಲ್ಲ, ಮೂತ್ರ ಪರೀಕ್ಷೆಯನ್ನೂ ಬರೆದುಕೊಡಲಿಲ್ಲ.

ಅವರ ಚಾಳೀಸು ಬಿಟ್ಟುಹೋಗಿರಲಿಲ್ಲ. ರಕ್ತದಲ್ಲಿ ಸಕ್ಕರೆ ಏರಿದಾಗ ಕಣ್ಣಿನ ಮಸೂರ ನೀರು ಹೀರಿ ಉಬ್ಬುತ್ತದೆ. ಉಬ್ಬಿದ ಮಸೂರ ಹತ್ತಿರದ್ದನ್ನು ಚೆನ್ನಾಗಿ ತೋರಿಸುತ್ತದೆ, ದೂರದ್ದನ್ನು ಮಂಜು ಮಾಡುತ್ತದೆ. ಸಕ್ಕರೆ ಇಳಿದರೆ ಮಸೂರ ಮತ್ತೆ ಸೊರಗಿ ಹತ್ತಿರದ ಅಕ್ಷರ ಕಲೆಸಿಹೋಗುತ್ತದೆ. ಕೆಲವು ತಿಂಗಳ ಬಳಿಕ ಬೇರೆ ಯಾರೋ ಅವರ ಸಕ್ಕರೆ ಪತ್ತೆ ಮಾಡಿ ಮಾತ್ರೆ ಕೊಟ್ಟಾಗ ಆದದ್ದೂ ಇದೇ. ಎರಡು ವಾರಕ್ಕೆ ಉದ್ರಿ ಪುಸ್ತಕ ಮಸುಕಾಯಿತು. ಶೆಟ್ಟರು ಅವರ ಲೆಕ್ಕದಲ್ಲಿ ಸರಿಯಾಗಿಯೇ ಯೋಚಿಸಿದರು: ಮಾತ್ರೆ ನುಂಗುವ ಮುಂಚೆ ಕಣ್ಣು ಚೆನ್ನಾಗಿತ್ತು, ನುಂಗಿದ ಮೇಲೆ ಕೆಟ್ಟಿತು. ಮಾತ್ರೆ ಬಿಟ್ಟರು. ಅವರ ಕತೆಯನ್ನು ಇಲ್ಲಿಗೆ ನಿಲ್ಲಿಸಿ, ಕಣ್ಣಿನ ಒಳಕ್ಕೆ ಹೋಗೋಣ.

ಕಣ್ಣಿನ ಹಿಂಬದಿಯ ಗೋಡೆಗೆ ಒಳಗಿನಿಂದ ಅಂಟಿಕೊಂಡ ತೆಳುಪರದೆಯೇ ಅಕ್ಷಿಪಟಲ. ರೆಟಿನಾ ಎಂದರೆ ಈಗ ಎಲ್ಲರಿಗೂ ತಿಳಿಯುತ್ತದೆ. ಮುಂದಿನ ಮಸೂರ ಕಟ್ಟಿಕೊಟ್ಟ ಬಿಂಬ ಬೀಳುವುದು ಇದರ ಮೇಲೆ. ಇದರ ಹಸಿವು ಬಹಳ. ತೂಕಕ್ಕೆ ಹೋಲಿಸಿದರೆ ಇಷ್ಟು ಆಮ್ಲಜನಕ ಬೇಡುವ ಅಂಗಾಂಶ ದೇಹದಲ್ಲಿ ಇನ್ನೊಂದು ಸಿಗುವುದು ಕಷ್ಟ. ಅದಕ್ಕೆ ಅನ್ನ ನೀರು ಒದಗಿಸುವುದು ಕೂದಲೆಳೆಗಿಂತ ಎಷ್ಟೋ ಸಣ್ಣ ರಕ್ತನಾಳಗಳು. ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಈ ನಾಳಗಳನ್ನು ಹೊರಗಿನಿಂದ ಬಿಗಿಹಿಡಿದಿರುವ ಕಾವಲು ಕೋಶಗಳು ಮೊದಲು ಸಾಯುತ್ತವೆ. ಹಳೆಯ ಸೈಕಲ್ ಟ್ಯೂಬು ಟೈರು ಸವೆದ ಕಡೆ ಉಬ್ಬುವ ಹಾಗೆ ನಾಳದ ಗೋಡೆ ಅಲ್ಲಲ್ಲಿ ಉಬ್ಬುತ್ತದೆ. ನಾವು ನೋಡುವಾಗ ಕೆಂಪು ಚುಕ್ಕೆಗಳಾಗಿ ಕಾಣುವ ಈ ಉಬ್ಬುಗಳೇ ಮೊದಲ ಗುರುತು. ಮುಂದೆ ಉಬ್ಬು ಸೋರುತ್ತದೆ. ಸೋರಿದ ಕೊಬ್ಬಿನಂಶ ಹಳದಿ ಕಣಗಳಾಗಿ ಗಟ್ಟಿಯಾಗುತ್ತದೆ, ರಕ್ತ ಕಲೆಯಾಗಿ ನಿಲ್ಲುತ್ತದೆ.

ರೆಟಿನಾದ ನಟ್ಟನಡುವೆ ಮ್ಯಾಕುಲಾ ಎಂಬ ಪುಟ್ಟ ಜಾಗವಿದೆ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಅದರ ಕೆಲಸ. ಸೋರಿದ ನೀರು ಅಲ್ಲಿ ನಿಂತರೆ ಅದು ಊದಿಕೊಳ್ಳುತ್ತದೆ. ಆಗ ಬಸ್ಸಿನ ಬೋರ್ಡು ಓದಲಾಗದು, ನೇರವಾದ ಬಾಗಿಲ ಚೌಕಟ್ಟು ಡೊಂಕಾಗಿ ಕಾಣುತ್ತದೆ. ಸಕ್ಕರೆ ಕಾಯಿಲೆಯವರ ದೃಷ್ಟಿ ಕುಂದಲು ಅತಿ ಸಾಮಾನ್ಯವಾದ ಕಾರಣಗಳಲ್ಲಿ ಇದೊಂದು.

ಸೋರಿಕೆ ಮ್ಯಾಕುಲಾಕ್ಕೆ ಬರದಿದ್ದರೆ? ಅಪಾಯದ ಜಾಗ ಇದೇ. ಸುತ್ತಲೂ ನಾಳಗಳು ಕಟ್ಟಿಕೊಂಡು ರೆಟಿನಾದ ಮುಕ್ಕಾಲು ಪಾಲು ಹಸಿದು ಕೂತಿದ್ದರೂ, ನಡುವಿನ ಜಾಗ ಚೆನ್ನಾಗಿದ್ದರೆ ರೋಗಿ ಗೋಡೆಯ ಫಲಕದ ಕೊನೆಯ ಸಾಲನ್ನೂ ಓದುತ್ತಾನೆ. ನಮ್ಮ ಚೀಟಿಯಲ್ಲಿ 6/6 ಎಂದು ಬೀಳುತ್ತದೆ. ರೆಟಿನಾಕ್ಕೆ ನೋವು ಹೇಳುವ ನರಗಳಿಲ್ಲ. ಅದು ಹಸಿದದ್ದನ್ನು ಹೇಳಿಕೊಳ್ಳುವುದು ಒಂದೇ ಬಗೆಯಲ್ಲಿ: 'ನನಗೆ ಹೊಸ ನಾಳ ಬೇಕು' ಎಂಬ ರಾಸಾಯನಿಕ ಸಂದೇಶ ಬಿಟ್ಟು. ಅದಕ್ಕೆ ವಿಇಜಿಎಫ್ ಎಂದು ಹೆಸರು. ಆ ಕರೆಗೆ ಹೊಸ ನಾಳಗಳು ಬರುತ್ತವೆ, ಆದರೆ ಬೇರಿಲ್ಲದ ಹುಚ್ಚು ಚಿಗುರಿನ ಹಾಗೆ ಬರುತ್ತವೆ. ರೆಟಿನಾ ಬಿಟ್ಟು ಅದರ ಮುಂದಿನ ಲೋಳೆಯೊಳಕ್ಕೆ ಹಬ್ಬುತ್ತವೆ. ಗೋಡೆ ಗಟ್ಟಿಯಿಲ್ಲ. ಒಂದು ದಿನ ಒಡೆದು ಕಣ್ಣೊಳಗೆ ರಕ್ತ ಚೆಲ್ಲುತ್ತದೆ. ಚೆಲ್ಲಿದ ಕಡೆ ನಾರು ಬೆಳೆದು ಎಳೆದರೆ ಗೋಡೆಯ ಸುಣ್ಣದ ಚಕ್ಕೆಯಂತೆ ರೆಟಿನಾ ಕಳಚಿ ಬರುತ್ತದೆ. ಇದೇ ಹುಚ್ಚು ನಾಳಗಳು ಕಣ್ಣಿನ ಮುಂಭಾಗಕ್ಕೆ ಹಬ್ಬಿ ನೀರು ಹರಿದುಹೋಗುವ ದಾರಿ ಮುಚ್ಚಿದರೆ ಒಳಗಿನ ಒತ್ತಡ ಏರುತ್ತದೆ, ಅದೇ ಗ್ಲಾಕೋಮಾ. ಆಗ ಮಾತ್ರ ವಿಪರೀತ ನೋವು ಬರುತ್ತದೆ. ಅಷ್ಟು ಹೊತ್ತಿಗೆ ಬಹುಪಾಲು ಕಾಲ ಮಿಂಚಿರುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಲೆಕ್ಕ.

ಶೆಟ್ಟರು 1991ರಲ್ಲಿ ಮತ್ತೆ ಬಂದರು. ಈ ಸಲ ನಗು ಇರಲಿಲ್ಲ. ಬಲಗಣ್ಣಿನ ಮೇಲೆ ಕೈ ಇಟ್ಟುಕೊಂಡಿದ್ದರು. "ಬೆಳಗ್ಗೆ ಎದ್ದು ಅಂಗಡಿ ಬಾಗಿಲು ತೆಗೀವಾಗ ಕಣ್ಣೊಳಗೆ ಕಾಡಿಗೆ ಕರಗಿ ಇಳಿದ ಹಂಗಾಯ್ತು ಸ್ವಾಮಿ. ಮಧ್ಯಾಹ್ನಕ್ಕೆ ಎಲ್ಲಾ ಕಪ್ಪು" ಅಂದರು. ಹನಿ ಹಾಕಿ ಪಾಪೆ ಹಿಗ್ಗಿಸಿ ನೋಡಿದೆ. ಬಲಗಣ್ಣಿನಲ್ಲಿ ರಕ್ತ ಬಿಟ್ಟು ಏನೂ ಕಾಣಲಿಲ್ಲ. ಏನೂ ತೊಂದರೆಯಿಲ್ಲ ಎಂದು ಅವರು ಹೇಳುತ್ತಿದ್ದ ಎಡಗಣ್ಣಿನಲ್ಲಿ ಹುಚ್ಚು ನಾಳಗಳು ಆಗಲೇ ಚಿಗುರಿದ್ದವು. ಆ ಕಣ್ಣಿನ ದೃಷ್ಟಿ ಅವತ್ತೂ 6/6. ನಾಲ್ಕು ವರ್ಷದ ಹಿಂದೆ ನಾನು 'ಪುಣ್ಯವಂತರು' ಎಂದದ್ದು ಅಂಥ ಕಣ್ಣುಗಳನ್ನೇ ನೋಡಿ.

ಹಾಗಾದರೆ ಕನ್ನಡಿ ಎಲ್ಲಿದೆ? ಮನುಷ್ಯನ ಪಾಪೆ ಕಪ್ಪಗೆ ಕಾಣುವುದೇಕೆ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಜರ್ಮನಿಯ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್. ಒಳಕ್ಕೆ ಹೋದ ಬೆಳಕು ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಅದನ್ನು ನೋಡಲು ಅಡ್ಡ ಬಂದರೆ ನಮ್ಮ ತಲೆಯೇ ದೀಪವನ್ನು ಮರೆಮಾಡುತ್ತದೆ. ಅವರು ಓರೆಯಾಗಿ ಹಿಡಿದ ಗಾಜಿನ ಫಲಕದಿಂದ ಬೆಳಕನ್ನು ಕಣ್ಣೊಳಗೆ ತಿರುಗಿಸಿ, ಅದೇ ಗಾಜಿನ ಮೂಲಕ ಇಣುಕಿದರು. 1851ರಲ್ಲಿ ಅದರ ವಿವರ ಅಚ್ಚಾಯಿತು. ಜರ್ಮನ್ ಭಾಷೆಯಲ್ಲಿ ಅದಕ್ಕೆ ಅವರಿಟ್ಟ ಹೆಸರಿನ ಅರ್ಥ 'ಕಣ್ಣಿನ ಕನ್ನಡಿ'. ನಮ್ಮ ಗಾದೆ ಕೇಳುವ ಕನ್ನಡಿ ಹೀಗೆ ಹುಟ್ಟಿತು. ಕೆಲವೇ ವರ್ಷಗಳಲ್ಲಿ ವಿಯೆನ್ನಾದ ಕಣ್ಣಿನ ವೈದ್ಯ ಎಡುವರ್ಡ್ ಯೇಗರ್, ಸಕ್ಕರೆ ಕಾಯಿಲೆಯವರ ರೆಟಿನಾದಲ್ಲಿ ಹಳದಿ ಕಲೆಗಳನ್ನು ಕಂಡು ಬರೆದರು.

ಆದರೆ ಆಗ ಈ ತೊಂದರೆ ಅಪರೂಪ. ಕಾರಣ ಕೇಳಿದರೆ ಎದೆ ಭಾರವಾಗುತ್ತದೆ: ಸಕ್ಕರೆ ಕಾಯಿಲೆಯವರು, ಅದರಲ್ಲೂ ಎಳೆಯರು, ಕಣ್ಣು ಹೋಗುವಷ್ಟು ಕಾಲ ಬದುಕುತ್ತಲೇ ಇರಲಿಲ್ಲ. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಕೈಗೆ ಸಿಕ್ಕಿತು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗ ಅದರ ಚುಚ್ಚುಮದ್ದು ಪಡೆದು ಸಾವಿನ ಬಾಯಿಂದ ಹಿಂತಿರುಗಿದ. ಪ್ರಾಣ ಉಳಿಯಿತು, ಆಯುಷ್ಯ ಬೆಳೆಯಿತು. ಉಳಿದ ಆಯುಷ್ಯದಲ್ಲಿ ಕಣ್ಣು, ಮೂತ್ರಪಿಂಡ, ಕಾಲಿನ ನರಗಳ ಲೆಕ್ಕ ಶುರುವಾಯಿತು.

ಚಿಕಿತ್ಸೆ ಬಂದ ದಾರಿಯೂ ವಿಚಿತ್ರ. 1945ರ ಜುಲೈ ತಿಂಗಳ ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಿ ಮ್ಯಾಕುಲಾ ಸುಟ್ಟುಕೊಂಡವರ ಕಣ್ಣನ್ನು ಜರ್ಮನಿಯ ಗೆರ್ಡ್ ಮೇಯರ್-ಶ್ವಿಕರಾಟ್ ಪರೀಕ್ಷಿಸಿದರು. ಬೆಳಕು ರೆಟಿನಾವನ್ನು ಇಷ್ಟು ಅಚ್ಚುಕಟ್ಟಾಗಿ ಸುಡುವುದಾದರೆ, ಬೇಕಾದ ಕಡೆ ಬೇಕಾದಷ್ಟೇ ಸುಟ್ಟು ರೋಗ ನಿಲ್ಲಿಸಬಹುದಲ್ಲ ಎಂದು ಅವರಿಗೆ ಹೊಳೆಯಿತು. ಆಸ್ಪತ್ರೆಯ ಮಹಡಿಯ ಮೇಲೆ ಕನ್ನಡಿಗಳನ್ನು ಹೂಡಿ ಸೂರ್ಯನ ಬೆಳಕನ್ನೇ ರೋಗಿಯ ಕಣ್ಣಿಗೆ ಹಾಯಿಸಿದರು. ಮೋಡ ಬಂದರೆ ಚಿಕಿತ್ಸೆ ಇಲ್ಲ! ಮುಂದೆ ಕ್ಸೆನಾನ್ ದೀಪ ಬಂತು, ಆಮೇಲೆ ಲೇಸರ್. ಲೇಸರ್ ಮಾಡುವುದೇನು? ನಮ್ಮ ಕಡೆಯ ರೈತರಿಗೆ ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ. ಬರಗಾಲದಲ್ಲಿ ಬೋರಿನ ನೀರು ಕಡಿಮೆಯಾದರೆ ತೋಟದ ಅಂಚಿನ ಸಾಲುಗಳನ್ನು ಕೈಬಿಟ್ಟು ನಡುವಿನ ಗಿಡಗಳನ್ನು ಉಳಿಸಿಕೊಳ್ಳುವುದಿಲ್ಲವೇ, ಹಾಗೆ. ರೆಟಿನಾದ ಅಂಚಿನಲ್ಲಿ ಸಾವಿರಕ್ಕೂ ಮಿಕ್ಕಿ ಚುಕ್ಕೆ ಇಟ್ಟು ಸುಟ್ಟರೆ ಆ ಭಾಗದ ಹಸಿವು ಅಡಗುತ್ತದೆ. ಹೊಸ ನಾಳ ಬೇಕೆಂಬ ಕೂಗು ನಿಲ್ಲುತ್ತದೆ. ಹುಚ್ಚು ಚಿಗುರು ಬಾಡುತ್ತದೆ. ಮುಂದುವರಿದ ಕಾಯಿಲೆಯಲ್ಲಿ ದೃಷ್ಟಿ ತೀವ್ರವಾಗಿ ಹೋಗುವ ಸಂಭವ ಇದರಿಂದ ಅರ್ಧಕ್ಕಿಂತ ಕೆಳಗಿಳಿಯುತ್ತದೆ ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು 1976ರಲ್ಲಿ ತೋರಿಸಿಕೊಟ್ಟಿತು.

ಆ ರಾಸಾಯನಿಕ ಕೂಗನ್ನೇ ತಡೆಯುವ ಔಷಧ ಬಂದದ್ದು ಇತ್ತೀಚೆಗೆ. ವಿಜ್ಞಾನಿ ನೆಪೊಲಿಯೋನೆ ಫೆರಾರಾ ಮತ್ತು ಸಂಗಡಿಗರು 1989ರಲ್ಲಿ ವಿಇಜಿಎಫ್ ಅನ್ನು ಬೇರ್ಪಡಿಸಿದರು. ಅದನ್ನು ಕಟ್ಟಿಹಾಕುವ ಇಂಜೆಕ್ಷನ್ನುಗಳು ಈಗ ಮ್ಯಾಕುಲಾದ ಊತಕ್ಕೆ ಮುಖ್ಯ ಚಿಕಿತ್ಸೆ. ಅವುಗಳಲ್ಲೊಂದಾದ ಬೆವಾಸಿಜುಮಾಬ್ ಮೂಲತಃ ಕರುಳಿನ ಕ್ಯಾನ್ಸರಿನ ಮದ್ದು. ಅದರ ಒಂದು ಹನಿಯಷ್ಟು ಪಾಲು ಕಣ್ಣಿಗೆ ಸಾಕು, ಹಾಗಾಗಿ ಖರ್ಚೂ ಕಡಿಮೆ. ಕಣ್ಣಿಗೆ ಸೂಜಿ ಎಂದೊಡನೆ ಜನ ಬೆಚ್ಚುತ್ತಾರೆ. ಮರಗಟ್ಟಿಸುವ ಹನಿ ಹಾಕಿದ ಮೇಲೆ ಚುಚ್ಚುವುದು ಒಂದು ಕ್ಷಣದ ಕೆಲಸ. ಕಷ್ಟ ಇರುವುದು ಬೇರೆ ಕಡೆ. ಒಂದು ಸೂಜಿಗೆ ಮುಗಿಯುವುದಿಲ್ಲ, ಮೊದಮೊದಲು ತಿಂಗಳು ತಿಂಗಳೂ ಬರಬೇಕು. ಪ್ರತಿ ಸಲ ಬಸ್ ಚಾರ್ಜು, ಒಂದು ದಿನದ ಕೂಲಿ, ಜೊತೆಗೆ ಬರುವ ಮಗನ ರಜೆ. ಎರಡು ಸೂಜಿಗೆ ಸ್ವಲ್ಪ ಕಂಡಿತೆಂದು ಮೂರನೆಯದಕ್ಕೆ ಬಾರದೆ ಕಣ್ಣು ಕಳೆದುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈಗ ಒಂದು ಪ್ರಶ್ನೆ. ನಮ್ಮ ಜನ ಕಣ್ಣಿನ ವಿಷಯದಲ್ಲಿ ಕಾಯುವುದೇಕೆ? ದಡ್ಡತನವಲ್ಲ. ನಾವೇ, ಅಂದರೆ ವೈದ್ಯರೇ, ಕಾಯುವುದನ್ನು ಕಲಿಸಿದೆವು. ಕರ್ನಾಟಕಕ್ಕೆ ಕಣ್ಣಿನ ಕಾಯಿಲೆ ಎಂದರೆ ಪೊರೆ. ಬೆಂಗಳೂರಿನ ಮಿಂಟೊ ಆಸ್ಪತ್ರೆ ಈಗಿನ ಕಟ್ಟಡಕ್ಕೆ ಬಂದ 1913ರಿಂದಲೂ ಅಲ್ಲಿಗೆ ಹೋದವರಲ್ಲಿ ಬಹುಮಂದಿ ಪೊರೆಯವರೇ. ಡಾ. ಎಂ.ಸಿ. ಮೋದಿಯವರು ಊರೂರಿಗೆ ಶಿಬಿರ ಒಯ್ದು, ಶಾಲೆ ಛತ್ರಗಳಲ್ಲಿ ಒಂದೇ ದಿನ ನೂರಾರು ಜನರ ಪೊರೆ ತೆಗೆದು ಬೆಳಕು ಕೊಟ್ಟರು. ಆ ಋಣ ದೊಡ್ಡದು. ಆದರೆ ಆ ಕಾಲದ ಶಸ್ತ್ರಕ್ರಿಯೆಗೆ ಪೊರೆ ಬಲಿತಿರಬೇಕಿತ್ತು. "ಇನ್ನೂ ಬಲಿತಿಲ್ಲ, ಮುಂದಿನ ವರ್ಷ ಬಾ ಅಜ್ಜಿ" ಎಂದು ನಾವೇ ಕಳಿಸುತ್ತಿದ್ದೆವು. ಅಜ್ಜಿ ಮೊಮ್ಮಕ್ಕಳಿಗೆ ಹೇಳಿದಳು: ಕಣ್ಣು ಮಂಜಾದರೆ ಗಾಬರಿ ಬೇಡ, ಪೂರ್ತಿ ಮಂಜಾಗಲಿ, ಆಮೇಲೆ ತೆಗೆಸಿದರೆ ಎಲ್ಲ ವಾಪಸ್ ಬರುತ್ತದೆ. ಪೊರೆಯ ವಿಷಯದಲ್ಲಿ ಅದು ನಿಜವೂ ಆಗಿತ್ತು. ರೆಟಿನಾದ ವಿಷಯದಲ್ಲಿ ಅದು ತಲೆಕೆಳಗು. ಪೊರೆಗೆ ಕಾದರೆ ನಷ್ಟ ಕಡಿಮೆ; ಇಲ್ಲಿ ಬಲಿಯುವವರೆಗೆ ಕಾದರೆ ಉಳಿಯುವುದು ಏನೂ ಇಲ್ಲ. ಲೇಸರ್ ಇರುವುದನ್ನು ಕಾಪಾಡುತ್ತದೆ, ಹೋದದ್ದನ್ನು ತರುವುದಿಲ್ಲ. ಇನ್ನೊಂದು ಮಾತು: ಸಕ್ಕರೆ ಕಾಯಿಲೆಯವರಿಗೆ ಪೊರೆಯೂ ಬೇಗ ಬರುತ್ತದೆ. ಮಂಜಾದದ್ದೆಲ್ಲ ಪೊರೆಯೇ ಎಂದುಕೊಂಡು ಅದರ ಹಿಂದಿನ ರೆಟಿನಾವನ್ನು ಮರೆಯುವುದು ಇದರಿಂದಲೇ.

ಲೆಕ್ಕವನ್ನೂ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. 2022ರ ಇನ್ನೊಂದು ದೊಡ್ಡ ಸಮೀಕ್ಷೆ ನಲವತ್ತು ದಾಟಿದ ಸಕ್ಕರೆ ಕಾಯಿಲೆಯವರ ಕಣ್ಣು ನೋಡಿತು: 100ಕ್ಕೆ 12.5 ಜನರ ರೆಟಿನಾದಲ್ಲಿ ಗುರುತು, 100ಕ್ಕೆ 4 ಜನರಲ್ಲಿ ದೃಷ್ಟಿಗೇ ಅಪಾಯ. ಬರೀ ಸಕ್ಕರೆ ಕಾಯಿಲೆಯವರನ್ನೇ ತುಂಬಿಕೊಂಡ 50 ಸೀಟಿನ ಬಸ್ಸೊಂದನ್ನು ನೆನೆಯಿರಿ. ಅದರಲ್ಲಿ ಇಬ್ಬರು ಕಣ್ಣು ಕಳೆದುಕೊಳ್ಳುವ ಅಂಚಿನಲ್ಲಿದ್ದಾರೆ. ಕಿಟಕಿಯಾಚೆಯ ಬೋರ್ಡುಗಳನ್ನು ಓದಿಕೊಂಡೇ ಹೋಗುತ್ತಿರಬಹುದು.

ಸಮಾಧಾನದ ಮಾತೂ ಇದೆ. ಅಮೆರಿಕ ಮತ್ತು ಕೆನಡಾದಲ್ಲಿ ಒಂದನೆಯ ಬಗೆಯ, ಅಂದರೆ ಸಾಮಾನ್ಯವಾಗಿ ಎಳೆಯ ವಯಸ್ಸಿನಲ್ಲೇ ಬಂದು ಇನ್ಸುಲಿನ್ ಬೇಡುವ, ಸಕ್ಕರೆ ಕಾಯಿಲೆಯ 1,441 ಜನರ ಮೇಲೆ ನಡೆದ ಅಧ್ಯಯನ 1993ರಲ್ಲಿ ಮುಗಿಯಿತು. ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ರೆಟಿನಾದ ತೊಂದರೆ ಹೊಸದಾಗಿ ಬರುವ ಸಂಭವ ಶೇ. 76ರಷ್ಟು ತಗ್ಗಿತ್ತು. ಸಾಮಾನ್ಯವಾಗಿ ದೊಡ್ಡವರಿಗೆ ಬರುವ ಎರಡನೆಯ ಬಗೆಯವರನ್ನು ಹಿಂಬಾಲಿಸಿದ ಬ್ರಿಟನ್ನಿನ ಅಧ್ಯಯನ 1998ರಲ್ಲಿ ಇನ್ನೊಂದು ಪಾಠ ಹೇಳಿತು: ಬಿಪಿಯನ್ನು ಚೆನ್ನಾಗಿ ಹತೋಟಿಯಲ್ಲಿಟ್ಟರೆ ರೆಟಿನಾದ ಕಾಯಿಲೆ ಮುಂದುವರಿಯುವುದು ಮೂರನೇ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ. ಕಣ್ಣಿಗೂ ಬಿಪಿಗೂ ಏನು ಸಂಬಂಧ ಎನ್ನುವವರಿಗೆ ಇದೇ ಉತ್ತರ. ಅದೇ ಅಧ್ಯಯನದಲ್ಲಿ, ಸಕ್ಕರೆ ಇದೆ ಎಂದು ಹೊಸದಾಗಿ ಗೊತ್ತಾದವರಲ್ಲೇ ಮೂರರಲ್ಲೊಬ್ಬರಿಗಿಂತ ಹೆಚ್ಚು ಜನರ ರೆಟಿನಾದಲ್ಲಿ ಅದರ ಗುರುತು ಆಗಲೇ ಇತ್ತು. ಅಂದರೆ ಶುಗರ್ ಇವತ್ತು ಪತ್ತೆಯಾಯಿತು ಎನ್ನುವುದು ನಮ್ಮ ಲೆಕ್ಕ. ಕಣ್ಣಿನ ಲೆಕ್ಕದಲ್ಲಿ ಅದು ವರ್ಷಗಳ ಹಿಂದೆಯೇ ಶುರುವಾಗಿರುತ್ತದೆ.

ಆದ್ದರಿಂದ ಮಾಡಬೇಕಾದದ್ದು ಇಷ್ಟು. ಎರಡನೆಯ ಬಗೆಯ ಸಕ್ಕರೆ ಪತ್ತೆಯಾದ ಕೂಡಲೇ ರೆಟಿನಾ ತೋರಿಸಿ, ಆಮೇಲೆ ವರ್ಷಕ್ಕೊಮ್ಮೆ. ಎಳೆಯ ವಯಸ್ಸಿನಲ್ಲಿ ಇನ್ಸುಲಿನ್ ಶುರುವಾದವರು ಐದು ವರ್ಷದೊಳಗೆ ಈ ಪರೀಕ್ಷೆ ಆರಂಭಿಸಬೇಕು. ಮೊದಲೇ ಸಕ್ಕರೆ ಇದ್ದ ಹೆಣ್ಣುಮಗಳು ಗರ್ಭಿಣಿಯಾದರೆ ಮೊದಲ ಮೂರು ತಿಂಗಳಲ್ಲೇ ನೋಡಿಸಬೇಕು, ಆ ಕಾಲದಲ್ಲಿ ಕಾಯಿಲೆ ಓಡುತ್ತದೆ. ಬಹಳ ದಿನ ಏರಿದ್ದ ಸಕ್ಕರೆಯನ್ನು ಥಟ್ಟನೆ ಇಳಿಸಿದರೆ ಕೆಲವರ ರೆಟಿನಾ ಮೊದಲು ಸ್ವಲ್ಪ ಕೆಡಬಹುದು. ಅದಕ್ಕೆ ಹೆದರಿ ಔಷಧ ಬಿಡಬೇಡಿ, ಕಣ್ಣು ತೋರಿಸಿಕೊಂಡು ಮುಂದುವರಿಸಿ. ಶುಗರ್ ಸರಿಯಾಗಿ ಹತೋಟಿಗೆ ಬರುವವರೆಗೆ ಹೊಸ ಕನ್ನಡಕ ಮಾಡಿಸಬೇಡಿ, ದುಡ್ಡು ದಂಡ. ಕನ್ನಡಕದ ಅಂಗಡಿಯ ನಂಬರ್ ಪರೀಕ್ಷೆ ರೆಟಿನಾ ಪರೀಕ್ಷೆಯಲ್ಲ. "ಹನಿ ಹಾಕಿ ಹಿಂದಿನ ಪರದೆ ನೋಡಿದ್ರಾ?" ಎಂದು ಬಾಯಿಬಿಟ್ಟು ಕೇಳಿ. ಹನಿ ಹಾಕಿದ ಮೇಲೆ ನಾಲ್ಕಾರು ಗಂಟೆ ಬಿಸಿಲು ಚುಚ್ಚುತ್ತದೆ, ಅಕ್ಷರ ಕಾಣುವುದಿಲ್ಲ. ಬೈಕ್ ಓಡಿಸಿಕೊಂಡು ಹೋಗಬೇಡಿ, ಯಾರನ್ನಾದರೂ ಕರೆದುಕೊಂಡು ಬನ್ನಿ. ಈಗ ರೆಟಿನಾದ ಫೋಟೊ ತೆಗೆಯುವ ಕ್ಯಾಮೆರಾಗಳಿವೆ. ಆ ಫೋಟೊ ನೋಡಿ ತೊಂದರೆ ಗುರುತಿಸುವ ಕಂಪ್ಯೂಟರ್ ತಂತ್ರಾಂಶಕ್ಕೆ 2018ರಲ್ಲಿ ಅಮೆರಿಕ ಒಪ್ಪಿಗೆಯನ್ನೂ ಕೊಟ್ಟಿದೆ. ಇಂಥ ಕ್ಯಾಮೆರಾ ಶುಗರ್ ಮಾತ್ರೆ ಕೊಡುವ ಪ್ರತಿ ಸರ್ಕಾರಿ ಆಸ್ಪತ್ರೆಯ ಕಿಟಕಿಯ ಪಕ್ಕದಲ್ಲಿ ಇರಬೇಕೆಂಬುದು ನನ್ನ ಆಸೆ. ಮಾತ್ರೆಗೆ ನಿಂತ ಸಾಲೇ ಕಣ್ಣಿನ ಸಾಲೂ ಆಗಲಿ.

ಶೆಟ್ಟರ ಕತೆ ಮುಗಿಸುತ್ತೇನೆ. ನಮ್ಮಲ್ಲಿ ಲೇಸರ್ ಇರಲಿಲ್ಲ, ಬೆಂಗಳೂರಿಗೆ ಕಳಿಸಿದೆವು. ಬಲಗಣ್ಣು ಹೋಯಿತು. ಎಡಗಣ್ಣು ಉಳಿಯಿತು. ರಾತ್ರಿ ಹೊತ್ತು ಅದರ ಅಂಚು ಮಬ್ಬು, ಲೇಸರಿಗೆ ತೆತ್ತ ಬೆಲೆ ಅದು. ತಿರುಗಿ ಬಂದಾಗ ನಾನೇ ಹೇಳಿದೆ: "ಮೊದಲ ಸಲ ನೀವು ಬಂದಾಗ ನಾನು ಸರಿಯಾಗಿ ನೋಡಲಿಲ್ಲ ಶೆಟ್ಟರೇ." ಅವರು ತುಸು ಹೊತ್ತು ಸುಮ್ಮನಿದ್ದು, "ನಾನೂ ನಿಮಗೆ ಸರಿಯಾಗಿ ಹೇಳ್ಲಿಲ್ಲ ಬಿಡಿ. ಆಗ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳ್ತಿದ್ದೆ" ಅಂದರು.

ಅವತ್ತಿನಿಂದ ಪ್ರತಿ ವರ್ಷ ದೀಪಾವಳಿಯಲ್ಲಿ ಅಂಗಡಿ ಪೂಜೆ ಮುಗಿದ ಮುಂದಿನ ವಾರ ಬರುತ್ತಿದ್ದರು, ಜೊತೆಗೊಬ್ಬ ಮಗನನ್ನು ಕರೆದುಕೊಂಡು. "ಹೊಸ ಪುಸ್ತಕ ಶುರು ಮಾಡಿದೀನಿ ಸ್ವಾಮಿ. ಹಳೇ ಲೆಕ್ಕ ನೋಡ್ಬಿಡಿ" ಎನ್ನುತ್ತಾ ಗಲ್ಲವನ್ನು ಯಂತ್ರದ ಮೇಲಿಡುತ್ತಿದ್ದರು. ನನಗೆ ಬೇರೂರಿಗೆ ವರ್ಗವಾದ ವರ್ಷವೂ ಬಂದರು. ಆ ಸಲ ಮಗನಿಗೂ ಹನಿ ಹಾಕಿಸಿದರು. ಅವನಿಗೆ ಹಿಂದಿನ ತಿಂಗಳಷ್ಟೇ ಶುಗರ್ ಪತ್ತೆಯಾಗಿತ್ತು. ಅವನ ಎರಡೂ ರೆಟಿನಾ ಶುಭ್ರವಾಗಿದ್ದವು.